ನುಚ್ಚಿನ ಹದ

ಸ್ಟೀಲ್ ಕಟ್ ಓಟ್ಸ್, ಅಂದರೆ ಒಡೆದ ಓಟ್ಸ್ ಕಾಳು, ಒಲೆಯ ಮೇಲೆ ಮೊದಮೊದಲು ಸುಮ್ಮನಿರುತ್ತದೆ. ಆಮೇಲೆ ನೀರು ಇಂಗಿ, ಕಾಳು ಅರಳಿ, ಪಾತ್ರೆಯ ತಳದಿಂದ ಬುಳಕ್ ಬುಳಕ್ ಅಂತ ದಪ್ಪನೆಯ ಸದ್ದೊಂದು ಏಳುತ್ತದೆ. ಆ ಸದ್ದು ಕೇಳಿದರೆ ಸಾಕು, ಕೊಂಢವಾ ಬಡಾವಣೆಯ ಈ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವನು ಈಗಿನ ನಾನಾಗಿರುವುದಿಲ್ಲ. ಬೆಳಗಿನ ಉಪ್ಪಿಟ್ಟು ಬಿಡಿಸಿ ಇದನ್ನು ಅಂಟಿಸಿದ್ದು ಹೃದಯದ ಡಾಕ್ಟರು. ಅವರು ಹೇಳಿದ್ದು ‘ಸ್ವಲ್ಪ ಜೋಪಾನ’ ಅಂತ. ನನಗೆ ಕೇಳಿಸಿದ್ದು ‘ಉಯಿಲು ಬರೆದಿಡಿ’ ಅಂತ. ಹಾಗಾಗಿ ಒಲೆ ಬಿಟ್ಟು ಅಲ್ಲಾಡುವುದಿಲ್ಲ. “ಅಲ್ರೀ, ಎಷ್ಟು ಸಲ ಹಣಿಕಿ ಹಾಕತೀರಿ? ಅದೇನು ಎದ್ದು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಓಡಿ ಹೋಗ್ತದೇನು?” ಅಂತಾಳೆ ಹೆಂಡತಿ.

ಹೀಗೆ ಹಣಿಕಿ ಹಾಕುವ ಚಟ ಹತ್ತಿದ್ದು ಪಿಂಪ್ರಿಯ ಕಾರ್ಮಿಕರ ಕಾಲನಿಯಲ್ಲಿ, ಎರಡು ಖೋಲಿಯ ನಮ್ಮ ಮನೆಯಲ್ಲಿ. ಅಪ್ಪ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ಧಾರವಾಡದ ಕಡೆಯಿಂದ ಅವ್ವ ತಂದಿದ್ದ ಬೀಸುಕಲ್ಲು ಬೆಳಗ್ಗೆ ಗರಗರ ಅನ್ನುತ್ತಿತ್ತು; ಒಡೆದ ಜೋಳ ನುಚ್ಚಾಗಿ ಗಡಿಗೆಯಲ್ಲಿ ಕುದಿಯುತ್ತಿತ್ತು. ಸೀಮೆಎಣ್ಣೆಯ ವಾಸನೆ, ಬೆಳ್ಳುಳ್ಳಿ ಒಗ್ಗರಣೆಯ ಘಮ, ತಣ್ಣನೆಯ ಮಜ್ಜಿಗೆ ಬಿದ್ದೊಡನೆ ಬಿಸಿ ನುಚ್ಚಿನಿಂದ ಏಳುತ್ತಿದ್ದ ಹುಳಿಹುಳಿ ಹಬೆ. ಇಂಥದ್ದೊಂದು ಹಬೆ ನಿಮ್ಮ ಮನೆಯಲ್ಲೂ ಎದ್ದು ಆರಿಹೋಗಿರಬೇಕು. ನಮ್ಮ ಆ ಮನೆಯಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅವ್ವ ಇಲ್ಲ, ಅಕ್ಕನೂ ಇಲ್ಲ. ಅದನ್ನು ಕಂಡ ಕಣ್ಣುಗಳೆಂದರೆ ನನ್ನವೆರಡೇ; ಅವಕ್ಕೂ ಪೊರೆ ಬರುತ್ತಿದೆ.

ಅಪ್ಪನ ಎದೆಯೊಳಗೆ ಫೌಂಡ್ರಿಯ ಧೂಳು ಕೂತ ವರ್ಷ ಅವನು ಒಳಗಿನ ಖೋಲಿಯಲ್ಲಿ ಮಲಗಿಬಿಟ್ಟ. ರೊಟ್ಟಿ ಗಂಟಲಲ್ಲಿ ಇಳಿಯದಾದಾಗ ಅವ್ವ ನುಚ್ಚನ್ನು ತೆಳ್ಳಗೆ ಮಾಡತೊಡಗಿದಳು. ಸ್ಟೋ ಒಂದೇ, ಗಡಿಗೆ ಒಂದೇ. ಅಪ್ಪನಿಗೆ ಇಳಿಯುವಷ್ಟು ತೆಳು ಮಾಡಿದ್ದನ್ನೇ ಎಲ್ಲರೂ ಉಣ್ಣುತ್ತಿದ್ದೆವು. ಮೊದಲು ಸೌಟಿಗೆ ಹತ್ತುತ್ತಿತ್ತು, ಆಮೇಲೆ ಜಾರುತ್ತಿತ್ತು, ಕೊನೆಕೊನೆಗೆ ಕಾಳನ್ನು ತಳದಲ್ಲಿ ಹುಡುಕಬೇಕಾಗುತ್ತಿತ್ತು. ಅಪ್ಪ ಹೇಗಿದ್ದಾನೆಂದು ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನು ದಿನಾ ಗಡಿಗೆ ನೋಡುತ್ತಿದ್ದೆ. “ಬಂದ್ರು ನೋಡವಾ ಡಾಕ್ಟರ್ ಸಾಹೇಬ್ರು! ನಾಡಿ ಹಿಡದು ನೋಡ್ರಿ ಗಡಿಗಿದು,” ಅಂತ ಅಕ್ಕ ಕಾಡಿಸುತ್ತಿದ್ದಳು.

ಒಂದು ಬೆಳಗ್ಗೆ ಹಣಿಕಿ ಹಾಕಿದರೆ ನುಚ್ಚು ಗಟ್ಟಿಯಾಗಿತ್ತು. ಸೌಟು ನೆಟ್ಟಗೆ ನಿಂತಿತ್ತು. ಮನೆ ತುಂಬ ಕುಣಿದೆ. “ಅಕ್ಕಾ, ಅಪ್ಪಗ ಆರಾಮ ಆಗೇದ! ಬಂದು ನೋಡು, ನುಚ್ಚು ಗಟ್ಟಿ ಆಗೇದ!” ಅಕ್ಕ ಕಾಡಿಸಲಿಲ್ಲ. ಅವ್ವ ಸ್ಟೋದ ಕಡೆ ಬಗ್ಗಿದವಳು ಬಗ್ಗಿಯೇ ಇದ್ದಳು. ಹಿಂದಿನ ಸಂಜೆಯಿಂದ ಅಪ್ಪನಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ; ಅವತ್ತು ಅವಳು ಬೇಯಿಸಿದ್ದು ಮಕ್ಕಳು ನಮ್ಮಿಬ್ಬರಿಗಷ್ಟೇ. ಇದು ಆ ಮನೆಯಲ್ಲಿ ಗೊತ್ತಿಲ್ಲದ್ದು ನನ್ನೊಬ್ಬನಿಗೆ.

ಒಳಗಿನಿಂದ ಅಪ್ಪನ ದನಿ ಬಂತು. ಎಷ್ಟು ಕಷ್ಟಪಟ್ಟು ಎತ್ತಿದ ದನಿ ಅದು ಅಂತ ಈಗ ತಿಳಿಯುತ್ತದೆ. “ಹೌದೋ ಮಗಾ, ಭಾಳ ಆರಾಮ ಆಗೇದ. ನೀ ಉಣ್ಣು.”

ನಾನು ಉಂಡೆ. ಸಂತೋಷಕ್ಕೆ ಇನ್ನೊಂದಿಷ್ಟು ಹಾಕಿಸಿಕೊಂಡೂ ಉಂಡೆ.