ಮೀನಕ್ಕನ ಬ್ಯಾಟರಿ

ನಮ್ಮ ದರ್ಜಿಯಕ್ಕನಿಗೆ ಬೀದಿಯವರು ಇಟ್ಟ ಹೆಸರು ಮೀನಕ್ಕ. ಅವಳ ನಡುಮನೆಯಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿ, ಅದರ ತುಂಬ ಅಂಗೈಯಗಲ ಬೆಳೆದ ಗೋಲ್ಡ್ ಫಿಶ್‌ಗಳು. ಹೊಟ್ಟೆ ಮುಂದಿಟ್ಟುಕೊಂಡು ತಿರುಗುವ ಒಂದಕ್ಕೆ ಸಾಹುಕಾರ ಎಂದು ಹೆಸರು. ಅಕ್ಕ ನೀರಿಗೆ ಬೆರಳು ಇಳಿಸಿದರೆ ಸಾಹುಕಾರ ಬಂದು ಅದರ ತುದಿ ಚೀಪುತ್ತಿತ್ತು. ನಾನು ಅವಳ ಅಂಗಡಿಯಲ್ಲಿ ಗುಂಡಿ, ಕಾಜ ನೋಡಿಕೊಳ್ಳುವವಳು. ನಾನು ಬೆರಳಿಟ್ಟರೆ ಅದು ತಿರುಗಿಯೂ ನೋಡುತ್ತಿರಲಿಲ್ಲ. ಮೀನಿಗೂ ಸೊಕ್ಕಿರುತ್ತದೆ ಎಂದು ನನಗೆ ಗೊತ್ತಾದದ್ದು ಆ ಮನೆಯಲ್ಲೇ.

ಕರೆಂಟ್ ಹೋದರೆ ತೊಟ್ಟಿಗೆ ಗಾಳಿ ಊದುವ ಮೋಟಾರು ನಿಲ್ಲುತ್ತದೆ. ಅಷ್ಟು ದೊಡ್ಡ ಮೀನುಗಳು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹಾಗಾಗಿ ಅಂಗಡಿಯಲ್ಲಿ ದೀಪ ಆರಿತೋ ಇಲ್ಲವೋ, ಅಕ್ಕ ಕತ್ತರಿ ಬಿಸಾಕಿ ಮನೆಗೆ ಓಡುತ್ತಿದ್ದಳು. ಚೆಂಬಿನಲ್ಲಿ ತೊಟ್ಟಿಯ ನೀರು ಮೊಗೆದು ಎತ್ತರದಿಂದ ತೊಟ್ಟಿಗೇ ಸುರಿಯುತ್ತಾ ಕರೆಂಟ್ ಬರುವವರೆಗೆ ನಿಂತಿರುತ್ತಿದ್ದಳು. ನೀರಿಗೆ ಗಾಳಿ ಬೆರೆಯಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಎದೆಗೆ ಟೇಪು ಸುತ್ತಿಸಿಕೊಂಡು ಕೈಯೆತ್ತಿ ನಿಂತಿದ್ದಾಗಲೇ ಓಡಿದಳು. ಕೈ ಇಳಿಸಬಹುದಾ ಎಂದು ಅವರು ನನ್ನನ್ನು ಕೇಳಿದರು.

ಈ ಓಟ ತಪ್ಪಿಸಿದವನು ಅವಳ ತಮ್ಮ. ಅಪ್ಪ ಅಮ್ಮ ಹೋದಾಗ ಅವನು ತೊಟ್ಟಿಲ ಕೂಸು. ಒಂದು ಕಾಲಲ್ಲಿ ಹೊಲಿಗೆಯಂತ್ರ ತುಳಿಯುತ್ತಾ ಇನ್ನೊಂದು ಕಾಲಲ್ಲಿ ತೊಟ್ಟಿಲು ತೂಗಿ ಬೆಳೆಸಿದಳು. ತನಗೊಂದು ಮದುವೆ ಎಂಬುದನ್ನು ನಾಳೆ ನಾಡಿದ್ದು ಎಂದು ಮುಂದೂಡಿ ಕೊನೆಗೆ ಮರೆತೇಬಿಟ್ಟಳು. ಅವನಿಗೆ ವೈರಿಂಗ್ ಕೆಲಸ ಕಲಿಸಿದಳು, ಹೆಣ್ಣು ತಂದಳು, ಗಾಳಿ ಬರುವ ಕೋಣೆಯನ್ನು ಅವರಿಗೇ ಬಿಟ್ಟುಕೊಟ್ಟಳು. ಅಂಥ ತಮ್ಮ ಒಂದು ದಿನ ಬ್ಯಾಟರಿ ತಂದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿಟ್ಟು ಮೋಟಾರಿಗೆ ಜೋಡಿಸಿದ. “ಅಕ್ಕಾ, ಇನ್ಮೇಲೆ ಕರೆಂಟ್ ಹೋದ್ರೆ ಓಡಿ ಬರ್ಬೇಡ. ಇಡೀ ದಿನ ಹೋದ್ರೂ ನಿನ್ನ ಸಾಹುಕಾರ ಆರಾಮಾಗಿರ್ತಾನೆ,” ಅಂದ. ಅಕ್ಕ ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ನಂಬಿ ಸುಮ್ಮನೆ ಕೂರುವವಳೂ ಅಲ್ಲ ಅವಳು. ಹೊಲಿದ ಅಂಗಿಯನ್ನು ಒಮ್ಮೆ ಎಳೆದು ನೋಡದೆ ಗಿರಾಕಿಗೆ ಕೊಟ್ಟವಳಲ್ಲ. ಹಾಗೆಯೇ ವಾರಕ್ಕೊಮ್ಮೆ ಬೆಳಿಗ್ಗೆ ಮೇನ್ ಸ್ವಿಚ್ ಆರಿಸಿ, ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿಯುವಷ್ಟು ಹೊತ್ತು ತೊಟ್ಟಿಯ ಮುಂದೆ ಕೂತು ಗುಳುಗುಳು ಸದ್ದು ಕೇಳುತ್ತಿದ್ದಳು. ಸದ್ದು ಒಂದು ಸಲವೂ ತಪ್ಪಲಿಲ್ಲ. ಪರೀಕ್ಷೆ ನಡೆಯುತ್ತಿದ್ದದ್ದು ತಮ್ಮ ತನ್ನ ಕೆಲಸಕ್ಕೆ ಹೋದ ಮೇಲೆ. ಅದರಲ್ಲಿ ಲೆಕ್ಕಕ್ಕೆ ಬರುವ ಸಂಗತಿ ಏನಾದರೂ ಇದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬಿರುಬೇಸಿಗೆಯ ಒಂದು ದಿನ ಬೆಳಿಗ್ಗೆಯೇ ಕರೆಂಟ್ ಹೋಯಿತು. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯಾಗುತ್ತದೆ ಎಂದರು. “ಹೋಗಿ ನೋಡ್ಬಾರ್ದಾ ಅಕ್ಕಾ?” ಎಂದೆ. “ತಮ್ಮ ಹಾಕಿಕೊಟ್ಟಿದಾನಲ್ಲ, ನನಗೇನು ಚಿಂತೆ,” ಎಂದು ಬೆವರು ಒರೆಸಿಕೊಂಡು ಹೊಲಿಗೆ ಮುಂದುವರಿಸಿದಳು. ಅವಳು ಅಷ್ಟು ನಿಶ್ಚಿಂತೆಯಿಂದ ಕೂತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ನಾವಿಬ್ಬರೂ ಮನೆಗೆ ಹೋದರೆ ತೊಟ್ಟಿಯಲ್ಲಿ ಸದ್ದಿಲ್ಲ. ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು, ಸಾಹುಕಾರನೂ. ಅಕ್ಕ ಬೆರಳನ್ನು ನೀರಿಗಿಟ್ಟು ತುಂಬ ಹೊತ್ತು ಹಾಗೇ ನಿಂತಳು. ತಮ್ಮ ತನ್ನ ಕೋಣೆಯಿಂದ ಬಂದು ಬಗ್ಗಿ ನೋಡಿ, “ಬ್ಯಾಟರಿನೇ ಕಳಪೆ ಅಕ್ಕಾ. ಮೋಸ ಮಾಡಿದಾನೆ ಅಂಗಡಿಯವನು,” ಅಂದ.

ಮಾರನೆಯ ದಿನ ಅಕ್ಕ ಬ್ಯಾಟರಿ ಅಂಗಡಿಯ ಮುಂದೆ ನಿಂತು ಬೀದಿಗೆ ಕೇಳುವಂತೆ ಕೂಗಾಡಿದಳು. ಅಲ್ಲಿಯವರೆಗೆ ಯಾರೊಂದಿಗೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅಂಗಡಿಯ ಹಿರಿಯರು, “ಜೋಡಿಸಿದ್ದರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಇರ್ಬಹುದಮ್ಮಾ,” ಎಂದದ್ದೇ ತಡ, “ಜೋಡಿಸಿದ್ದು ನನ್ನ ತಮ್ಮ! ಅವನ ಕೈಗೆ ಹೆಸರಿಟ್ರೆ ನಾನು ಸುಮ್ನಿರಲ್ಲ,” ಎಂದಳು. ತಮ್ಮ ಪಕ್ಕದಲ್ಲೇ ನಿಂತು “ಹೌದು, ಹೌದು” ಎಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹಿರಿಯರು ಚೀಲ ಹೆಗಲಿಗೇರಿಸಿ ನಮ್ಮ ಜೊತೆಯೇ ಬಂದರು. ತೊಟ್ಟಿಯ ಕೆಳಗಿನ ಕಪಾಟು ತೆಗೆದು ಮಂಡಿಯೂರಿ ಒಳಗೆ ಕೈ ಹಾಕಿದರು. “ಇಲ್ಲಿಂದ ಎರಡು ಲೈನ್ ಹೋಗಿದೆಯಲ್ಲಮ್ಮಾ. ಒಂದು ಮೋಟಾರಿಗೆ. ಇನ್ನೊಂದು ಗೋಡೆಯೊಳಗೆ ಹೋಗಿದೆ. ಆ ಕಡೆ ಏನಿದೆ?”

ಆ ಕಡೆ ಇದ್ದದ್ದು ತಮ್ಮನ ಕೋಣೆ. ಅವರು ಕೇಳಿದ್ದು ಅಕ್ಕನನ್ನು, ಆದರೆ ತಮ್ಮ ಥಟ್ಟನೆ ಹೋಗಿ ತನ್ನ ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅದೇ. ನಾನು ಅವನನ್ನು ಸರಿಸಿ ಒಳಗೆ ನೋಡಿದೆ. ಮಂಚದ ತಲೆದೆಸೆಯಲ್ಲಿ ಫ್ಯಾನು, ಅದರ ವೈರು ನೇರ ಗೋಡೆಯ ತೂತಿಗೆ. ಕರೆಂಟ್ ಹೋದಾಗಲೆಲ್ಲ ಅವನಿಗೆ ಗಾಳಿ ಬೀಸಿದ್ದು ಮೀನಿನ ಬ್ಯಾಟರಿ. ಹಿಂದಿನ ದಿನ ಕೆಲಸಕ್ಕೆ ರಜೆ ಹಾಕಿ ಆ ಫ್ಯಾನಿನ ಮುಂದೆ ಮಲಗಿದ್ದ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಬರಿದಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವನ ಹೆಂಡತಿ ಅಳುತ್ತಾ ಹೊರಗೆ ಬಂದಳು. “ನಾನು ಬಡ್ಕೊಂಡೆ ಅತ್ತಿಗೆ, ನಿಮ್ಮನ್ನ ಒಂದ್ ಮಾತು ಕೇಳಿ ಅಂತ. ‘ಅವಳಿಗೆ ನಮಗಿಂತ ಮೀನೇ ಹೆಚ್ಚು, ಕೇಳಿದ್ರೆ ಕೊಡಲ್ಲ’ ಅಂದ್ರು ಇವರು.”

ವೈರಿನ ಸಂಗತಿಗೂ ಅಲುಗದಿದ್ದ ಅಕ್ಕ ಈ ಮಾತಿಗೆ ತಮ್ಮನ ಎದುರಿಗೆ ಬಂದು ನಿಂತಳು.

“ಕೊಡಲ್ಲ ಅಂತಿದ್ನೇನೋ?” ಎಂದು ತಮ್ಮನನ್ನು ಕೇಳಿದಳು. “ಹುಟ್ಟಿದಾಗಿನಿಂದ ಯಾವುದಕ್ಕಾದ್ರೂ ಇಲ್ಲ ಅಂದಿದ್ದು ನೆನಪಿದೆಯಾ ನಿನಗೆ? ಒಂದೇ ಒಂದು ಹೇಳು. ಹೇಳಿದ್ರೆ ತಪ್ಪು ನಂದೇ ಅಂದ್ಕೋತೀನಿ.”

ಅವನು ನಿಜವಾಗಿಯೂ ಯೋಚಿಸಿದ. ಹುಡುಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಸಿಗಲಿಲ್ಲ. “ಬೈಯಕ್ಕಾ. ಎರಡೇಟು ಹಾಕು ಬೇಕಾದ್ರೆ,” ಅಂದ.

ಅಕ್ಕ ಅವನ ಕಡೆ ತಿರುಗಲಿಲ್ಲ. ಬ್ಯಾಟರಿಯವರ ಮುಂದೆ ಕೈಮುಗಿದು, “ಬೀದಿಯಲ್ಲಿ ನಿಮ್ಮ ಮರ್ಯಾದೆ ಕಳೆದೆ ಅಣ್ಣಾ. ನನ್ನವನು ಅನ್ನೋ ಸೊಕ್ಕು. ಮನಸ್ಸಲ್ಲಿಟ್ಕೋಬೇಡಿ,” ಎಂದಳು.

“ಅಯ್ಯೋ ಬಿಡಮ್ಮಾ. ಈಗ ಆ ಎರಡನೇ ಲೈನ್ ತೆಗೆದುಬಿಡ್ಲಾ?”

“ಬೇಡ. ತೊಟ್ಟಿಯದ್ದು ತೆಗೀರಿ. ಫ್ಯಾನಿಂದು ಹಾಗೇ ಇರಲಿ. ಚಿಕ್ಕಂದಿನಿಂದ್ಲೂ ಅವನಿಗೆ ಸೆಕೆ ತಡೆಯಲ್ಲ.”

ತಮ್ಮ ನೆಲಕ್ಕೆ ಕುಸಿದು “ಬೇಡಕ್ಕಾ, ಬೇಡ” ಎನ್ನುತ್ತಲೇ ಇದ್ದ. ಹಿರಿಯರು ಯಾರ ಮುಖವನ್ನೂ ನೋಡದೆ ಮೋಟಾರಿನ ವೈರು ಕತ್ತರಿಸಿದರು.