ಪಾತ್ರೆಗೆ ಹೋದ ಕೋಟು

ಮೊನ್ನೆ ತಿರುಪ್ಪೂರಿನಿಂದ ಮಾಮ ಒಂದು ಪೆಟ್ಟಿಗೆ ಕಳಿಸಿದರು. ಬಿಚ್ಚಿದ ಕೂಡಲೇ ಬಟ್ಟೆ ತೊಳೆಯುವ ಕಾರ್ಖಾನೆಯ ಘಾಟು ಮೂಗಿಗೆ ಹೊಡೆಯಿತು. ಒಳಗೆ ನಾಲ್ಕು ಜಾಕೆಟ್. ಹೊಚ್ಚ ಹೊಸವು, ಆದರೆ ಮೊಣಕೈ ಸವೆದಿದೆ, ಬಣ್ಣ ಮಾಸಿದೆ. ಎಲ್ಲ ಮಷೀನಿಗೆ ಹಾಕಿ ತರಿಸಿದ ಸವೆತ. ಕತ್ತಿನ ಪಟ್ಟಿಯಲ್ಲಿ ‘ವಿಂಟೇಜ್’ ಅಂತ ಬರೆದಿದೆ. ನನ್ನ ಮಗಳು ಓದಲು ಐರ್ಲೆಂಡಿಗೆ ಹೊರಟಿದ್ದಾಳೆ. ಅವಳಿಗೂ ನನ್ನಂತೆ ಹಳೆ ಕಾಲದ ಉಡುಪಿನ ಹುಚ್ಚು. ಅದಕ್ಕೇ ಮಾಮ ತಮ್ಮ ಕಂಪನಿಯ ಮಾಲನ್ನೇ ಕಳಿಸಿದ್ದಾರೆ. ಅವಳಿಗೆ ಖುಷಿಯೋ ಖುಷಿ. ನನಗೆ ಮೈಯೆಲ್ಲ ಉರಿಯಿತು. ಯಾಕೆ ಅಂತ ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ಇಪ್ಪತ್ತೈದು ವರ್ಷದ ಹಿಂದೆ ನಾನೂ ಹೀಗೇ ಸ್ಕಾಟ್ಲೆಂಡಿಗೆ ಓದಲು ಹೊರಟಿದ್ದೆ. ಪೊಳ್ಳಾಚಿ ಹತ್ತಿರದ ನೇಕಾರರ ಊರು ನೆಗಮಂನಲ್ಲಿ ಅವ್ವನ ಮನೆ. ಅವ್ವ ಅಂದರೆ ನಮ್ಮಲ್ಲಿ ಅಜ್ಜಿ. ಅವಳ ಎರಡು ನೂಲು ಸೀರೆಗಳನ್ನು ಪೊಳ್ಳಾಚಿಯ ಟೈಲರಿಗೆ ಕೊಟ್ಟು, ಹಳೆ ಫೋಟೋಗಳಲ್ಲಿ ದೊರೆಸಾನಿಯರು ಹಾಕುವಂಥ ಅಗಲ ಘೇರಿನ ಲಂಗ ಹೊಲಿಸಿದ್ದೆ. ಎಲ್ಲಕ್ಕಿಂತ ಮೇಲೆ ಅಜ್ಜನ ಕರಿ ಉಣ್ಣೆ ಕೋಟು. ತಾನು ನೆಯ್ದ ಸೀರೆಗಳ ಗಂಟು ಹೊತ್ತು ಕೊಯಮತ್ತೂರಿನ ಅಂಗಡಿಗಳಿಗೆ ಹೋಗುವಾಗ, ಎಂಥ ಬಿಸಿಲಿನಲ್ಲೂ ಅಜ್ಜ ಅದನ್ನು ಹಾಕುತ್ತಿದ್ದರಂತೆ. ಅವ್ವ ಹೊಸ ಗುಂಡಿ ಹೊಲಿದು, ತೋಳು ಮಡಿಸಿ ನನಗೆ ಕೊಟ್ಟಳು. ಕನ್ನಡಿಯಲ್ಲಿ ನಾನು ಮಹಾರಾಣಿ ಅಂದುಕೊಂಡೆ. ಅಂಚೆಯವನಂತೆ ಕಾಣುತ್ತಿದ್ದೆ ಅಂತ ಈಗ ಒಪ್ಪುತ್ತೇನೆ.

ಹೊರಡುವ ಹಿಂದಿನ ದಿನ ಅವ್ವನ ಮಗ, ಅಂದರೆ ಇದೇ ಮಾಮ, ಬಂದರು. ಆಗಷ್ಟೇ ಬನಿಯನ್ ಕಂಪನಿ ಶುರು ಮಾಡಿದ್ದರು. ಕೈಯಲ್ಲಿ ನೈಲಾನ್ ಟ್ರ್ಯಾಕ್‌ಸೂಟುಗಳ ಮೂಟೆ. ನಾನು ಜೆರಾಕ್ಸ್ ಮಾಡಿಸಲು ಪೊಳ್ಳಾಚಿಗೆ ಹೋಗಿದ್ದೆ. ಬಂದು ನೋಡಿದರೆ ಸೂಟ್‌ಕೇಸ್ ತುಂಬ ನೈಲಾನು. ಕೋಟೂ ಇಲ್ಲ, ಲಂಗವೂ ಇಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಿದ್ದಳಂತೆ, ಮಾಮ ಎತ್ತಿ ಕೊಟ್ಟುಬಿಟ್ಟಿದ್ದರು. ಬದಲಿಗೆ ಒಂದು ಎವರ್‌ಸಿಲ್ವರ್, ಅಂದರೆ ಸ್ಟೀಲಿನ, ಬೋಗುಣಿ. ಬರಿಗಾಲಲ್ಲಿ ಬಸ್‌ಸ್ಟಾಂಡಿನವರೆಗೆ ಓಡಿದೆ. ಅವಳು ಯಾವ ಬಸ್ಸು ಹತ್ತಿದಳೋ ಯಾರಿಗೂ ಗೊತ್ತಿರಲಿಲ್ಲ.

“ಅಲ್ಲಿ ದಿನಾ ಮಳೆ ಕಣ್ಣು, ನೂಲು ಒಣಗಲ್ಲ,” ಅಂದರು ಮಾಮ, ಎಂದಿನಂತೆ ತಮಿಳಿನ ಮುದ್ದಿನ ‘ಕಣ್ಣು’ ಸೇರಿಸಿ. “ಪಳಸು ಹಾಕ್ಕೊಂಡು ಹೋದ್ರೆ ನಮ್ಮ ಮಾನ ಏನಾಗೋದು?” ಹಳೆಯದಕ್ಕೆ ತಮಿಳಿನ ಆ ‘ಪಳಸು’ ಅನ್ನುವ ಮಾತನ್ನು ಅವರು ಉಗುಳಿದಂತೆಯೇ ಆಡಿದರು.

ಹಿತ್ತಲಲ್ಲಿ ನೂಲು ಸುತ್ತುತ್ತಿದ್ದ ಅವ್ವ ಎದ್ದು ಬಂದಳು. “ಅದು ನಿನ್ನಪ್ಪನದು. ನನ್ನ ಒಂದು ಮಾತು ಕೇಳಿದ್ಯಾ?”

ಮಾಮ ತಲೆ ತಗ್ಗಿಸಿದರು. ಆ ಕೋಟು ಕಂಡರೆ ಅಪ್ಪ ಅಂಗಡಿ ಮೆಟ್ಟಿಲ ಕೆಳಗೆ ಕೈಕಟ್ಟಿ ಕಾಯುತ್ತಿದ್ದದ್ದೇ ನೆನಪಾಗುತ್ತೆ ಅಂದರು. ಅವ್ವ ಕರಗಲಿಲ್ಲ, ನಾನೂ ಕರಗಲಿಲ್ಲ. ಅಪ್ಪನ ನೆನಪು ಮಾಮನದಾದರೆ ಗಂಡನ ನೆನಪು ಅವ್ವನದಲ್ಲವೇ? ಆ ಬೋಗುಣಿಯನ್ನು ಅವಳು ಕೊನೆವರೆಗೂ ಅಡುಗೆಮನೆಗೆ ಸೇರಿಸಲಿಲ್ಲ.

ಸ್ಕಾಟ್ಲೆಂಡಿನಲ್ಲಿ ವರ್ಷವಿಡೀ ನೈಲಾನನ್ನೇ ಹಾಕಿದೆ. ಒಂದು ಗಂಟೆಯಲ್ಲಿ ಒಣಗುತ್ತಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಮಾಮ ಹೇಳಿದ್ದು ನಿಜವೇ. ನಿಜ ಹೇಳುವವರು ಕಂಡವರ ಪೆಟ್ಟಿಗೆಗೆ ಕೈ ಹಾಕಬಹುದೇ?

ಮೊನ್ನೆ ತಡೆಯಲಾಗಲಿಲ್ಲ, ಫೋನು ಮಾಡಿದೆ. ನಿಜವಾದ ಹಳೆಯದಕ್ಕೆ ಮಾನ ಹೋಗುತ್ತಿತ್ತು, ಹೊಸದನ್ನು ಉಜ್ಜಿ ಹಳೆಯದು ಮಾಡಿ ಮಾರಿದರೆ ಹೋಗುವುದಿಲ್ಲವಾ ಅಂತ ಕೇಳಿದೆ. “ಆ ಕೋಟನ್ನ ಆಗಲೇ ಹುಡುಕಿದೆ ಕಣ್ಣು. ಪೊಳ್ಳಾಚಿ ಸಂತೆಗೆ ಮೂರು ವಾರ ಹೋದೆ. ಆ ಪಾತ್ರೆಯವಳು ಸಿಕ್ಕಲಿಲ್ಲ,” ಅಂದರು ಮಾಮ.

ಸಿಟ್ಟು ಇಳಿಯಬೇಕಿತ್ತು. ಏರಿತು. “ಅವ್ವನಿಗೆ ಯಾಕೆ ಹೇಳ್ಲಿಲ್ಲ ಮಾಮ?”

ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಇಪ್ಪತ್ತೈದು ವರ್ಷ ಬೈಯುವುದಕ್ಕೆ ಕೂಡಿಸಿಟ್ಟ ಮಾತೆಲ್ಲ ಬಿಟ್ಟು, ಊಟ ಆಯಿತಾ ಅಂತ ಕೇಳಿ ಫೋನಿಟ್ಟೆ.

ಒಳಗೆ ಮಗಳು ಎರಡು ಜಾಕೆಟ್ ಹಿಡಿದು, ಯಾವುದನ್ನು ತಗೊಂಡು ಹೋಗಲಿ ಅಂತ ಕೇಳಿದಳು. ಎರಡೂ ಬೇಡ ಅನ್ನುವ ಮಾತು ತುದಿನಾಲಿಗೆಗೆ ಬಂದಿತ್ತು.

“ನಿನ್ನ ಪೆಟ್ಟಿಗೆ, ನೀನೇ ತುಂಬು,” ಅಂದು ಹೊರಗೆ ಬಂದು ಕೂತೆ.