ಸೊನ್ನೆಯಿಲ್ಲದ ಸ್ಕೇಲು

ನಮ್ಮ ಶಾಲೆಯಲ್ಲಿ ಇಡಿಯಾಗಿ ಉಳಿದಿದ್ದ ಸ್ಕೇಲು ಒಂದೇ. ಹೆಡ್‌ಮಾಸ್ತರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿದ್ದ, ಒಂದು ಮೀಟರ್ ಉದ್ದದ ಮರದ ಪಟ್ಟಿ ಅದು. ಮಕ್ಕಳ ಹತ್ತಿರ ಇದ್ದವೆಲ್ಲ ತುಂಡುಗಳು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಸ್ಕೇಲು ವಾರದೊಳಗೆ ಕತ್ತಿಯಾಗುತ್ತಿತ್ತು, ಕತ್ತಿವರಸೆಯಲ್ಲಿ ಎರಡಾಗುತ್ತಿತ್ತು, ಅಣ್ಣನಿಂದ ತಂಗಿಗೆ ದಾಟುವ ಹೊತ್ತಿಗೆ ಬೆರಳುದ್ದ ಉಳಿದಿರುತ್ತಿತ್ತು.

ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುವಾಗ ಒಳಗೆ ಹೊರಳಬೇಕಾದ ಹಳ್ಳಿಯಲ್ಲಿತ್ತು ನಾನು ಪಾಠ ಮಾಡುತ್ತಿದ್ದ ಆ ಶಾಲೆ. ಶಾಲೆಗಳಲ್ಲಿ ಬಿಸಿಯೂಟ ಆಗಷ್ಟೇ ಶುರುವಾಗಿದ್ದ ಕಾಲ. ನಾನು ದಿನಾ ಚಾಮರಾಜನಗರದಿಂದ ಮೊದಲ ಬಸ್ಸು ಹಿಡಿದು, ಗುಂಡ್ಲುಪೇಟೆಯಲ್ಲಿ ಇಳಿದು ಇನ್ನೊಂದು ಹತ್ತಿ, ಉಳಿದ ದಾರಿ ನಡೆದು ಶಾಲೆ ಸೇರುತ್ತಿದ್ದೆ. ಅಷ್ಟು ಹೊತ್ತಿಗೆ ನನ್ನ ಕೋಪ ಮೂಗಿನ ತುದಿಗೆ ಬಂದು ಕೂತಿರುತ್ತಿತ್ತು. ಮಕ್ಕಳಿಗೆ ಅದು ಗೊತ್ತಿತ್ತು. ಮೊದಲ ಪೀರಿಯಡ್ಡಿನಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಒಂದು ದಿನ ಐದನೇ ತರಗತಿಯವರಿಗೆ ಪೆನ್ಸಿಲ್ ಅಳೆಯಿರಿ ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಂಗೈಗಿಂತ ಚಿಕ್ಕದಾದ ಪೆನ್ಸಿಲ್ಲನ್ನು ಅಳೆದು "ಅನ್ನೊಂದು ಮಿಸ್" ಅಂದಳು. ನನಗೆ ಉರಿದುಹೋಯಿತು. ಹತ್ತಿರ ಹೋಗಿ ನೋಡಿದರೆ ಅವಳದೂ ತುಂಡು ಸ್ಕೇಲೇ, ನಾಲ್ಕರಿಂದ ಶುರುವಾಗುತ್ತಿತ್ತು. ಮುರಿದ ತುದಿಯನ್ನು ಪೆನ್ಸಿಲ್ಲಿಗೆ ಕೊಟ್ಟು, ಪೆನ್ಸಿಲ್ಲಿನ ಇನ್ನೊಂದು ತುದಿಯಲ್ಲಿ ಕಂಡದ್ದನ್ನು ಓದಿದ್ದಳು. ಪಕ್ಕದವನದು ಎರಡರಿಂದ ಶುರು, ಹಿಂದಿನವಳದು ಒಂಬತ್ತರಿಂದ. ಒಂದೇ ಪೆನ್ಸಿಲ್ಲಿಗೆ ತರಗತಿಯಲ್ಲಿ ಎಷ್ಟು ಸ್ಕೇಲೋ ಅಷ್ಟು ಉದ್ದ.

ಹೊಸ ಸ್ಕೇಲು ತನ್ನಿ ಅಂತ ಗದರಿಸಬಹುದಿತ್ತು. ಅದರ ಬದಲು ಬಸ್ಸಿನ ಮಾತು ತೆಗೆದೆ.

"ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸು ಬರುತ್ತೆ. ನೀವು ನಡುವೆ ತೆರಕಣಾಂಬಿಯಲ್ಲಿ ಹತ್ತಿದಿರಿ. ಕಂಡಕ್ಟರ್ ಎಲ್ಲಿಂದ ಟಿಕೆಟ್ ಹರೀಬೇಕು?"

"ತೆರಕಣಾಂಬಿಯಿಂದ್ಲೇ ಮಿಸ್!"

"ಚಾಮರಾಜನಗರದಿಂದ ಕೊಡಿ ಅಂದ್ರೆ?"

"ಜಗಳ ಆಡ್ಬುಡ್ತೀವಿ!"

"ಹಾಗಾದ್ರೆ ನಾಲ್ಕರಲ್ಲಿ ಹತ್ತಿ ಹನ್ನೊಂದರಲ್ಲಿ ಇಳಿದ ಪೆನ್ಸಿಲ್ ಪೂರ್ತಿ ಹನ್ನೊಂದು ಯಾಕೆ ಕೊಡುತ್ತೆ?"

ಆ ಹುಡುಗಿ ಬೆರಳು ಮಡಚಿ ಎಣಿಸಿದಳು. "ಏಳು," ಅಂದಳು. ಆಮೇಲೆ ತನಗೆ ತಾನೇ, "ಏಳೇ ಕಣಮ್ಮಿ," ಅಂದುಕೊಂಡಳು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಯಾರು ಏನು ಅಳೆದರೂ ಉಳಿದವರು ಕೂಗುವುದು ರೂಢಿಯಾಯಿತು: "ಎಲ್ಲತ್ತಿದ್ದು? ಎಲ್ಲಿಳಿದಿದ್ದು?" ಪಕ್ಕದ ಕೋಣೆಯಿಂದ ಹೆಡ್‌ಮಾಸ್ತರು ಇಣುಕಿ, "ಮೇಡಂ, ಪಾಠ ನಡೀತಿದೆಯೋ ಬಸ್ ಸ್ಟ್ಯಾಂಡೋ?" ಅಂತ ಕೇಳುತ್ತಿದ್ದರು. ಎರಡೂ ಅಂತ ಹೇಳಿ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅದೇ ವರ್ಷ ಹೋಬಳಿ ಮಟ್ಟದ ಮಕ್ಕಳ ಕಬಡ್ಡಿ ಬಂತು. ಅದು ನಡೆಯುತ್ತಿದ್ದದ್ದು ಯಾವಾಗಲೂ ದೊಡ್ಡ ಊರಿನ ಮೈದಾನದಲ್ಲಿ. ನಮ್ಮ ಹೆಣ್ಣುಮಕ್ಕಳು ಗಟ್ಟಿಗಿತ್ತಿಯರು, ಗಂಡುಹುಡುಗರನ್ನೇ ಹಿಡಿದು ಕೆಡವುತ್ತಿದ್ದರು. ಆದರೂ ಒಂದು ವರ್ಷವೂ ಆಡಿರಲಿಲ್ಲ, ಯಾಕೆಂದರೆ ಮನೆಯವರು ಕಳಿಸುತ್ತಿರಲಿಲ್ಲ. ನಾನು ಮನೆಮನೆಗೆ ಹೋಗಿ ಕೇಳಿದೆ. ತುಂಡು ಸ್ಕೇಲಿನ ಹುಡುಗಿಯ ಅಜ್ಜಿ ಜಗಲಿಯ ಮೇಲೆ ಅರಿಸಿನದ ಗೆಡ್ಡೆ ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಲೇ ಇಲ್ಲ.

"ಊರ್ ಬುಟ್ಟು ಊರ್ಗೆ ಎಣ್ಣೈಕ್ಳ ಆಟಕ್ ಕಳ್ಸಾಕಿಲ್ಲ ಕಣವ್ವ. ಇಲ್ಲೇ ಆಡುದ್ರೆ ಆಡ್ಲಿ ಬುಡು, ನಾನೇ ಬಂದು ನೋಡ್ತೀನಿ."

ಉಳಿದ ಮನೆಗಳೂ ಅಜ್ಜಿಯ ಮಾತನ್ನೇ ಹಿಡಿದವು. ಸರಿ, ಆಟವನ್ನೇ ಇಲ್ಲಿಗೆ ತರುತ್ತೇನೆ ಅಂತ ಹಟಕ್ಕೆ ಬಿದ್ದೆ. ಪಂದ್ಯಗಳ ಉಸ್ತುವಾರಿ ಹೊತ್ತಿದ್ದ, ಆ ದೊಡ್ಡ ಊರಿನ ಶಾಲೆಯ ದೈಹಿಕ ಶಿಕ್ಷಕರನ್ನು ಮಕ್ಕಳೆಲ್ಲ ಪೀಟಿ ಸಾರ್ ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯ. "ಅಂಕಣ ಹನ್ನೊಂದು ಮೀಟರ್ ಉದ್ದ, ಎಂಟು ಮೀಟರ್ ಅಗಲ ಕರೆಕ್ಟಾಗಿರಬೇಕು. ಹಿಂದಿನ ದಿನ ಸಂಜೆ ಬಂದು ಅಳೀತೀನಿ. ಒಂಚೂರು ತಪ್ಪಿದ್ರೂ ಆಟ ಎಂದಿನಂತೆ ನಮ್ಮೂರಲ್ಲೇ," ಅಂದರು.

ನಮ್ಮಲ್ಲಿ ಟೇಪಿರಲಿಲ್ಲ, ಪೀಟಿ ಮೇಷ್ಟ್ರೂ ಇರಲಿಲ್ಲ. ಇದ್ದದ್ದು ಐದನೇ ತರಗತಿ. ಬೀರುವಿನ ಮೀಟರ್ ಪಟ್ಟಿಯನ್ನು ಈಚೆ ತೆಗೆಸಿದೆ. ಚೆಂಡು ಹೂವಿನ ಸಾಲು ಹಿಡಿಯಲು ಹೊಲದಲ್ಲಿ ಬಳಸುವ ಹುರಿಯನ್ನು ಒಬ್ಬ ಹುಡುಗ ಮನೆಯಿಂದ ತಂದ. ಪಟ್ಟಿಗೆ ಹಿಡಿದು ಹಿಡಿದು ಹುರಿಗೆ ಶಾಯಿಯ ಗುರುತು ಹಾಕಿದೆವು. ಗಟ್ಟಿಯಾಗಿ ಎಳೆದವರ ಕೈಯಲ್ಲಿ ಹುರಿ ಹಿಗ್ಗಿ ಅಂಕಣ ಬೆಳೆಯುತ್ತಿತ್ತು, ಸೋಮಾರಿಗಳ ಕೈಯಲ್ಲಿ ಜೋತುಬಿದ್ದು ಕುಗ್ಗುತ್ತಿತ್ತು. ಕೊನೆಗೆ ಎಲ್ಲ ಕಡೆಯೂ ಒಂದೇ ಜೋಡಿ ಎಳೆಯಬೇಕು ಅಂತ ಮಕ್ಕಳೇ ಕಾನೂನು ಮಾಡಿಕೊಂಡರು.

ಮೊದಲ ದಿನದ ಅಂಕಣದ ನಾಲ್ಕು ಬದಿಯ ಉದ್ದವೂ ಸರಿಯಿತ್ತು, ಆದರೆ ನೋಡಿದರೆ ಕಾಲು ಸಡಿಲಾದ ಮಂಚದ ಹಾಗೆ ಒಂದು ಕಡೆ ವಾಲಿತ್ತು. ಅಳತೆ ಸರಿಯಿದ್ದೂ ಆಕಾರ ತಪ್ಪಬಹುದು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಗೀಚಿದ್ದೆನೋ! ಅವತ್ತು ಹೇಳಬೇಕಾಗಲೇ ಇಲ್ಲ. ಇನ್ನೊಂದು ಹುರಿಗೆ ಸಮದೂರದಲ್ಲಿ ಹನ್ನೆರಡು ಗಂಟು ಹಾಕಿ, ತುದಿ ಸೇರಿಸಿ, ಮೂರು ನಾಲ್ಕು ಐದರ ಲೆಕ್ಕದಲ್ಲಿ ಮೂರು ಮಕ್ಕಳ ಕೈಗೆ ಕೊಟ್ಟು ಎಳೆಸಿದೆ. ಮೂರಕ್ಕೂ ನಾಲ್ಕಕ್ಕೂ ನಡುವಿನ ಮೂಲೆ ಪುಸ್ತಕದ ಮೂಲೆಯಷ್ಟು ನೇರವಾಗಿ ನಿಂತಿತು. "ಅಯ್, ಹಗ್ಗುಕ್ಕೆ ಲಂಬಕೋನ ಗೊತ್ತು ಕಣ್ಲಾ!" ಅಂತ ಒಬ್ಬ ಕುಣಿದ. ಆ ಮೂಲೆಗಳಿಗೆ ಗೂಟ ಹೊಡೆದು, ಕೊನೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದರೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸುಣ್ಣದ ಗೆರೆ ಬಿದ್ದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಊರಿಗೆ ಊರೇ ಬಂದು ನೋಡಿಕೊಂಡು ಹೋಯಿತು.

ಹಿಂದಿನ ದಿನ ಸಂಜೆ ಪೀಟಿ ಸಾರ್ ಬಂದರು. ಚೀಲದಿಂದ ಹಳೆಯ ಬಟ್ಟೆಯ ಟೇಪು ತೆಗೆದು, ಅದರ ಹಿತ್ತಾಳೆ ಉಂಗುರವನ್ನು ಒಂದು ಗೂಟಕ್ಕೆ ಸಿಕ್ಕಿಸಿ ಎಳೆದುಕೊಂಡು ಹೋದರು. ಬಗ್ಗಿ ಓದಿ ತಲೆ ಅಲ್ಲಾಡಿಸಿದರು. "ಹನ್ನೊಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಬರ್ತಿದೆ ಮೇಡಂ." ಅಗಲ ಅಳೆದರು. "ಎಂಟು ಮೀಟರ್ ಇಪ್ಪತ್ತು."

ಅಳಿಸಿ ಮತ್ತೆ ಹಾಕುತ್ತೇವೆ ಅಂದೆ. "ಮತ್ತೆ ಅಳೆಯೋಕೆ ನನಗೆ ಟೈಮಿಲ್ಲ. ಈಗಲೇ ಉಳಿದ ಶಾಲೆಗಳಿಗೆ ಹೇಳಿ ಕಳಿಸಬೇಕು. ಪಾಪ, ಮಕ್ಕಳು ಕಷ್ಟಪಟ್ಟಿದ್ದಾರೆ, ಆದರೆ ಇದು ಹುಡುಗಾಟ ಅಲ್ಲವಲ್ಲ," ಅಂತ ಟೇಪು ಸುತ್ತತೊಡಗಿದರು. ಹೆಡ್‌ಮಾಸ್ತರು ನನ್ನ ಕಡೆ ನೋಡಿದ ನೋಟದಲ್ಲಿ, ನಾನು ಹೇಳಿರಲಿಲ್ಲವೇ ಅನ್ನುವುದು ಪೂರ್ತಿ ಇತ್ತು. ನನ್ನ ಕೋಪ ಮತ್ತೆ ಮೂಗಿನ ತುದಿಗೆ ಬಂತು. ಜಗಳಕ್ಕೆ ನಿಲ್ಲೋಣವೆಂದರೆ ಕೈಯಲ್ಲಿ ಒಂದು ಪುರಾವೆಯಿಲ್ಲ. ಹೆಣ್ಣುಮಕ್ಕಳು ಗೆರೆಯ ಮೇಲೆ ಕಾಲಿಡದೆ, ಆಚೆಯೇ ನಿಂತಿದ್ದರು.

ಆಗ ತುಂಡು ಸ್ಕೇಲಿನ ಹುಡುಗಿ ಮುಂದೆ ಬಂದಳು.

"ಸಾ, ಉದ್ದುಕ್ಕೂ ಇಪ್ಪತ್ತು ಜಾಸ್ತಿ, ಅಗ್ಲುಕ್ಕೂ ಇಪ್ಪತ್ತೇ ಜಾಸ್ತಿ. ಅದೆಂಗೆ?"

"ಹೆಂಗೆ ಅಂದ್ರೆ? ನೀವು ತಪ್ಪು ಹಾಕಿದ್ದೀರಿ, ಹಂಗೆ."

"ನಮ್ ಹುರಿ ಇಗ್ಗಿದ್ರೆ ಉದ್ದುಕ್ಕೆ ಜಾಸ್ತಿ ತಪ್ಪಬೇಕು, ಅಗ್ಲುಕ್ಕೆ ಕಮ್ಮಿ ತಪ್ಪಬೇಕು. ಎಲ್ಡುಕ್ಕೂ ಒಂದೇ ತಪ್ಪು ಅಂದ್ರೆ..." ಅವಳು ಟೇಪಿನ ಕಡೆ ಬೆರಳು ಮಾಡಿದಳು. "ಸಾ, ನಿಮ್ ಟೇಪು ಎಲ್ಲತ್ತಿದ್ದು?"

ಇಡೀ ಐದನೇ ತರಗತಿ ಹಿಂದಿನಿಂದ ಕೂಗಿತು: "ಎಲ್ಲತ್ತಿದ್ದು? ಎಲ್ಲಿಳಿದಿದ್ದು?"

ಪೀಟಿ ಸಾರ್‌ಗೆ ತಲೆಬುಡ ಅರ್ಥವಾಗಲಿಲ್ಲ. ನನಗೆ ಆಯಿತು. ನಾನು ಓಡಿಹೋಗಿ ಮೀಟರ್ ಪಟ್ಟಿ ತಂದು ಅವಳ ಕೈಗೆ ಕೊಟ್ಟೆ. ಅವಳು ಮಂಡಿಯೂರಿ, ಉಂಗುರವನ್ನು ಪಟ್ಟಿಯ ಒಂದು ತುದಿಗೆ ಹಿಡಿದು, ಟೇಪನ್ನು ಇನ್ನೊಂದು ತುದಿಯವರೆಗೆ ಸವರಿದಳು. ಮೀಟರ್ ಪಟ್ಟಿ ಮುಗಿದ ಕಡೆ ಟೇಪು ನೂರಿಪ್ಪತ್ತು ತೋರಿಸುತ್ತಿತ್ತು. ಉಂಗುರದ ಬುಡದ ಹೊಲಿಗೆ ಬಿಡಿಸಿ ನೋಡಿದರೆ, ಯಾವ ಕಾಲದಲ್ಲೋ ಹರಿದ ತುದಿಯನ್ನು ಕತ್ತರಿಸಿ ಬಿಸಾಕಿ, ಮಿಕ್ಕಿದ್ದಕ್ಕೇ ಉಂಗುರ ಕೂರಿಸಿ ಹೊಲಿದಿದ್ದರು. ಟೇಪಿಗೆ ಸೊನ್ನೆಯೇ ಇರಲಿಲ್ಲ.

ಪೀಟಿ ಸಾರ್ ಟೇಪನ್ನೊಮ್ಮೆ ನೋಡಿದರು, ಹುಡುಗಿಯನ್ನೊಮ್ಮೆ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ಜೋರಾಗಿ ನಕ್ಕುಬಿಟ್ಟರು. "ಅಲ್ಲಾ ಮೇಡಂ, ಹಂಗಾದ್ರೆ ನಮ್ಮೂರ ಅಂಕಣ ಇಷ್ಟು ದಿನ ಒಂದು ಗೇಣು ಕಮ್ಮಿ ಇತ್ತಾ! ನಾಳೆ ಆಟ ಇಲ್ಲೇ. ಇಡೀ ಹೋಬಳಿಗೆ ಸರಿಯಾದ ಅಂಕಣ ಇದೊಂದೇ." ಹುಡುಗರು ಆ ಹುಡುಗಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಮೀಟರ್ ಪಟ್ಟಿಯನ್ನು ಕತ್ತಿಯ ಹಾಗೆ ಬೀಸುತ್ತಿದ್ದ ಅವಳಿಗೆ, "ಮುರೀಬೇಡ ಕಣಮ್ಮಿ, ಇರೋದು ಅದೊಂದೇ!" ಅಂತ ಕೂಗುತ್ತಾ ಹೆಡ್‌ಮಾಸ್ತರೇ ಹಿಂದೆ ಓಡಿದರು. ನಾನು ನಗುತ್ತಲೇ ಅತ್ತೆ.

ಮಾರನೆಯ ದಿನ ಗೋಪಾಲಸ್ವಾಮಿ ಬೆಟ್ಟದ ಕಡೆಯ ಗಾಳಿಗೆ ಸುಣ್ಣದ ಗೆರೆ ಹಾರದಿರಲೆಂದು ಬೆಳಗ್ಗೆಯೇ ನೀರು ಚಿಮುಕಿಸಿದೆವು. ಹೇಳಿದ ಮಾತಿಗೆ ತಪ್ಪದೆ ಅಜ್ಜಿ ಬಂದು ಅಂಕಣದ ಪಕ್ಕದಲ್ಲೇ ಕೂತರು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಮೊಮ್ಮಗಳು ಒಬ್ಬಳನ್ನು ಮುಟ್ಟಿ ಮಧ್ಯದ ಗೆರೆಗೆ ಬಿದ್ದು ಕೈ ಚಾಚಿದಾಗ ಎದ್ದು ನಿಂತರು. ಕೊನೆಯ ಆಟದ ಹೊತ್ತಿಗೆ "ಇಡ್ಕಳ್ರೇ ಅವ್ಳ ಕಾಲಾ! ಬುಡಬ್ಯಾಡಿ!" ಅಂತ ಎದುರು ತಂಡದ ಮೇಡಮ್ಮನಿಗಿಂತ ಜೋರಾಗಿ ಕೂಗುತ್ತಿದ್ದರು. ಗೆದ್ದೆವು. ಎಲ್ಲರನ್ನೂ ಸೋಲಿಸಿ, ಕುತ್ತಿಗೆಗೆ ಚೆಂಡು ಹೂವಿನ ಹಾರ ಹಾಕಿಸಿಕೊಂಡು ಗೆದ್ದೆವು.

ಎಲ್ಲ ಮುಗಿದ ಮೇಲೆ ಪೀಟಿ ಸಾರ್, ಮುಂದಿನದು ತಾಲ್ಲೂಕು ಮಟ್ಟ, ಗುಂಡ್ಲುಪೇಟೆಯಲ್ಲಿ ಅಂದರು. ತಾಲ್ಲೂಕು ಮೈದಾನವನ್ನು ಹುರಿ ಕಟ್ಟಿ ಈ ಊರಿಗೆ ಎಳೆದು ತರುವುದು ನನ್ನಿಂದಾಗುತ್ತಿರಲಿಲ್ಲ. ಅಜ್ಜಿಯ ಮುಖ ನೋಡಲೂ ಹೆದರಿ ಗೂಟ ಕೀಳುತ್ತಾ ಕೂತೆ.

ಅಜ್ಜಿಯೇ ಬಂದು ನನ್ನ ಭುಜ ತಟ್ಟಿದರು.

"ಮಿಸ್ಸವ್ವ, ಗುಂಡ್ಲುಪೇಟೆ ಬಸ್ಸು ಎಷ್ಟೊತ್ತುಗೆ? ಎಣ್ಣೈಕ್ಳೆಲ್ಲ ಒಂದೇ ಕಡೆ ಅತ್ಲಿ. ನಾನೂ ಬತ್ತೀನಿ."